ಕಪ್ಪು ಕಾರು, ಬೋರ್‌ವೆಲ್ ನೀರು

ಆಯುಧಪೂಜೆಯ ಮರುದಿನ ಬೆಳಗಿನ ಎಳೆಬಿಸಿಲಿನಲ್ಲಿ, ನಾಗಮಂಗಲದಲ್ಲೋ ಕೆ.ಆರ್.ಪೇಟೆಯಲ್ಲೋ ಮನೆ ಮುಂದೆ ನಿಂತ ಕಪ್ಪು ಕಾರಿನ ಬಾನೆಟ್ಟನ್ನು ಹತ್ತಿರದಿಂದ ನೋಡಬೇಕು. ಹಿಂದಿನ ದಿನ ಬಳಿದ ವಿಭೂತಿಯ ಪಟ್ಟೆ ಒಣಗಿ ಅರ್ಧ ಉದುರಿರುತ್ತದೆ. ಕುಂಕುಮದ ಬೊಟ್ಟಿನಿಂದ ಕೆಂಪು ನೀರು ಇಳಿದು ಅಲ್ಲೇ ಒಣಗಿರುತ್ತದೆ. ಚೆಂಡುಹೂವಿನ ಹಾರ ಕಟ್ಟಿದ್ದ ತಂತಿ ಅಂಚಿನಲ್ಲಿ ಒಂದೆರಡು ಗೆರೆ ಎಳೆದಿರುತ್ತದೆ. ಇವೆಲ್ಲವನ್ನೂ ಮೀರಿ ಕಣ್ಣಿಗೆ ಹೊಡೆಯುವುದು ಬೇರೆಯೇ. ಬಾನೆಟ್ಟಿನಲ್ಲಿ ಸೂರ್ಯನ ಬಿಂಬ ಬಿದ್ದ ಜಾಗದ ಸುತ್ತ ಜೇಡರ ಬಲೆಯಂತೆ ಹರಡಿಕೊಂಡ ಸಾವಿರಾರು ನವಿರು ಗೀರುಗಳು. ವರ್ಷಗಟ್ಟಲೆ ಸಬೀನ ಹಾಕಿ ತಿಕ್ಕಿದ ಸ್ಟೀಲ್ ತಟ್ಟೆಯನ್ನು ಬಿಸಿಲಿಗೆ ಹಿಡಿದರೆ ಕಾಣುವುದೂ ಇದೇ ಬಲೆ.

ಆ ಗೀರುಗಳು ನಿಜವಾಗಿ ಸುತ್ತುಸುತ್ತಾಗಿ ಇರುವುದಿಲ್ಲ. ಅಡ್ಡಾದಿಡ್ಡಿ ಬಿದ್ದಿರುತ್ತವೆ. ಬೆಳಕಿಗೆ ಅಡ್ಡಲಾಗಿರುವ ಗೀರುಗಳು ಮಾತ್ರ ಮಿಂಚುವುದರಿಂದ ಕಣ್ಣಿಗೆ ಉಂಗುರದಂತೆ ತೋರುತ್ತವೆ. ಪಕ್ಕದ ಮನೆಯ ಬಿಳಿ ಕಾರಿನ ಮೇಲೂ ಅಷ್ಟೇ ಗೀರು ಇರಬಹುದು; ಬಿಳಿ ಬಣ್ಣ ಬೆಳಕನ್ನೆಲ್ಲ ಚೆದುರಿಸಿ ಅವನ್ನು ಮುಚ್ಚಿಬಿಡುತ್ತದೆ. ಕಪ್ಪು ಬೆಳಕನ್ನು ನುಂಗುತ್ತದೆ, ಹಾಗಾಗಿ ಗೀರಿನ ಅಂಚು ಕಪ್ಪು ಹಲಗೆಯ ಮೇಲಿನ ಸೀಮೆಸುಣ್ಣದ ಗೆರೆಯಂತೆ ಎದ್ದು ಕಾಣುತ್ತದೆ.

ಇಂಥ ಕಾರು ವಾಟರ್ ಸರ್ವಿಸ್‌ಗೆ ಹೋದರೆ ಸಿಗುವ ಸಲಹೆ ಹೆಚ್ಚುಕಡಿಮೆ ಒಂದೇ: ‘ಅಣ್ಣ, ಒಂದ್ ರಬ್ಬಿಂಗ್ ಹೊಡ್ಸ್‌ಬುಡಿ, ಗೀರೆಲ್ಲ ಹೊಂಟೋಯ್ತವೆ.’ ಮಾತು ಸುಳ್ಳಲ್ಲ. ಆದರೆ ಗೀರು ಹೇಗೆ ಹೋಗುತ್ತದೆ ಎಂಬುದನ್ನು ಮಾಲೀಕರು ತಿಳಿದುಕೊಂಡಿರಬೇಕು. ಈಗಿನ ಕಾರುಗಳಲ್ಲಿ ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಪಾರದರ್ಶಕ ಕ್ಲಿಯರ್‌ಕೋಟ್ ಇರುತ್ತದೆ. ಎಲ್ಲ ಸೇರಿದರೂ ದಪ್ಪ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್. ಅದರಲ್ಲಿ ಕ್ಲಿಯರ್‌ಕೋಟ್ ಪಾಲು 40-50 ಮೈಕ್ರಾನ್, ತಲೆಗೂದಲಿಗಿಂತ ತೆಳು. ರಬ್ಬಿಂಗ್ ಎಂದರೆ ಗೀರಿನ ಆಳದವರೆಗೂ ಆ ಪದರವನ್ನೇ ಉಜ್ಜಿ ತೆಗೆಯುವುದು. ಪ್ರತಿ ಸಲವೂ ಕೆಲವು ಮೈಕ್ರಾನ್ ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಪ್ರತಿ ದಸರಾಕ್ಕೂ ರಬ್ಬಿಂಗ್ ಮಾಡಿಸಿದ ಕಪ್ಪು ಕಾರಿನ ಟಾಪು ಕೆಲವೇ ವರ್ಷಗಳಲ್ಲಿ ಬೂದು ಬೂದಾಗಿ ಸುಲಿಯತೊಡಗುವುದಕ್ಕೆ ಇದೂ ಒಂದು ಕಾರಣ. ಹೀಗೆ ಉಜ್ಜುವ ಪಾಲಿಶ್ ಬೇರೆ, ವ್ಯಾಕ್ಸ್ ಬೇರೆ. ಒಂದು ತೆಗೆಯುವ ಕೆಲಸ, ಇನ್ನೊಂದು ಹಚ್ಚುವ ಕೆಲಸ. ಎರಡನ್ನೂ ‘ಪಾಲಿಶ್’ ಎಂಬ ಒಂದೇ ಹೆಸರಿನಲ್ಲಿ ಮಾರುವುದು ನಿಲ್ಲಬೇಕು.

ಕಪ್ಪು ಕಾರಿಗೆ ಯಾವ ವ್ಯಾಕ್ಸ್ ಹೆಚ್ಚು ದಿನ ಬಾಳುತ್ತದೆ ಎಂಬ ಪ್ರಶ್ನೆಗೆ ಡಬ್ಬಿಯ ಮೇಲೆ ಉತ್ತರ ಇರುವುದಿಲ್ಲ. ಕಾರು ಓಡಾಡುವ ಊರನ್ನು ನೋಡಿ ಉತ್ತರ ಹುಡುಕಬೇಕು. ಮಂಡ್ಯ ಜಿಲ್ಲೆಯ ನಾಗಮಂಗಲ, ಕೆ.ಆರ್.ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಧೂಳು ಒಂದೊಂದು ಕಡೆ ಒಂದೊಂದು ಬಗೆ. ಪಾಂಡವಪುರದ ಸುತ್ತ ಕಲ್ಲಿನ ಪುಡಿ. ಬೇಬಿ ಬೆಟ್ಟದ ಗಣಿಗಾರಿಕೆ ಕೆಆರ್‌ಎಸ್ ಅಣೆಕಟ್ಟೆಯ ಸುರಕ್ಷತೆಯ ಪ್ರಶ್ನೆಯಾಗಿ ಹೈಕೋರ್ಟಿನವರೆಗೂ ಹೋದದ್ದು ಎಲ್ಲರಿಗೂ ಗೊತ್ತು; ಜಲ್ಲಿ, ಎಂ-ಸ್ಯಾಂಡ್ ಹೊತ್ತ ಟಿಪ್ಪರಿನ ಹಿಂದೆ ಹತ್ತು ನಿಮಿಷ ಸಾಗಿದ ಕಪ್ಪು ಕಾರಿನ ಬಣ್ಣ ಏನಾಗುತ್ತದೆ ಎಂಬುದೂ ಅಲ್ಲಿನವರಿಗೆ ಗೊತ್ತು. ಗ್ರಾನೈಟ್ ಪುಡಿಯಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಬೆಣಚು 7ನೇ ಸ್ಥಾನದಲ್ಲಿದೆ. ಮಾಮೂಲಿ ಚಾಕುವಿನ ಅಲಗಿಗಿಂತಲೂ ಗಡುಸು. ನಾಗಮಂಗಲ ಕಡೆ ಕೆಮ್ಮಣ್ಣು, ಅದು ಕಪ್ಪು ಬಾಗಿಲಿನ ಮೇಲೆ ತಾಮ್ರದ ಪುಡಿ ಚೆಲ್ಲಿದಂತೆ ಕೂರುತ್ತದೆ. ಕೆ.ಆರ್.ಪೇಟೆ, ನಾಗಮಂಗಲದ ಹಳ್ಳಿ ರಸ್ತೆಗಳಲ್ಲಿ ಕೊಯ್ಲು ಮುಗಿದ ಮೇಲೆ ರಾಗಿ, ಹುರುಳಿಯ ಒಕ್ಕಣೆ ಡಾಂಬರಿನ ಮೇಲೆಯೇ ನಡೆಯುತ್ತದೆ. (ಹುರುಳಿ ಬಳ್ಳಿ ಕಾರಿನ ತಳಕ್ಕೆ ಸುತ್ತಿಕೊಂಡು ಬೆಂಕಿ ಹತ್ತುವ ಅಪಾಯ ಬಣ್ಣ ಕೆಡುವುದಕ್ಕಿಂತ ದೊಡ್ಡದು, ಅಂಥ ರಸ್ತೆಯಲ್ಲಿ ಬಂದವರು ಮನೆ ತಲುಪಿದೊಡನೆ ಬಗ್ಗಿ ನೋಡಬೇಕು.) ಕಬ್ಬಿನ ಸೀಮೆಯಲ್ಲಂತೂ ತರಗಿಗೆ ಬೆಂಕಿ ಇಟ್ಟ ದಿನ, ಆಲೆಮನೆ ಉರಿಯುವ ದಿನ, ಕರಿ ಎಳೆಗಳು ಗಾಳಿಯಲ್ಲಿ ತೇಲಿ ಬಂದು ಕಾರಿನ ಮೇಲೆ ಮೆಲ್ಲಗೆ ಇಳಿಯುತ್ತವೆ. ಮುಟ್ಟಿದರೆ ಹತ್ತಿಯಷ್ಟು ಮೆತ್ತಗೆ. ಆದರೆ ಕಬ್ಬಿನ ಸಿಪ್ಪೆಯ ಬೂದಿಯಲ್ಲಿ ಸಿಲಿಕಾ ಹೇರಳವಾಗಿದೆ. ಹಳೆ ಪಂಚೆ ತುಂಡಿನಿಂದ ಅದನ್ನು ಒಣಗಿದ್ದಂತೆಯೇ ಒರೆಸಿದರೆ ಬಣ್ಣಕ್ಕೆ ಉಜ್ಜುಕಾಗದ ಹಾಕಿದಂತೆ.

ಶ್ರೀರಂಗಪಟ್ಟಣದ ಕಾಟ ಇನ್ನೊಂದು ಬಗೆಯದು. 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ರಂಗನತಿಟ್ಟು ಜಿಲ್ಲೆಯ ಹೆಮ್ಮೆ. ಅಲ್ಲಿನ ಮರಗಳ ಕೆಳಗೆ ಎರಡು ತಾಸು ನಿಂತ ಕಪ್ಪು ಕಾರಿನ ಟಾಪಿನ ಮೇಲೆ ಹಕ್ಕಿಯ ಹಿಕ್ಕೆ ಬೀಳದಿದ್ದರೆ ಅದು ಅದೃಷ್ಟ. ಹಿಕ್ಕೆ ಬಣ್ಣವನ್ನು ಕೆಡಿಸುವ ಬಗೆ ವಿಚಿತ್ರ. ಬಿಸಿಲಿಗೆ ಕ್ಲಿಯರ್‌ಕೋಟ್ ಹಿಗ್ಗಿ ಮೆದುವಾಗುತ್ತದೆ, ಅದೇ ಹೊತ್ತಿಗೆ ಹಿಕ್ಕೆ ಒಣಗಿ ಗಟ್ಟಿಯಾಗುತ್ತದೆ. ಸಂಜೆ ತಂಪಾದಾಗ ಕ್ಲಿಯರ್‌ಕೋಟ್ ಆ ಗಟ್ಟಿ ಹಿಕ್ಕೆಯ ಆಕಾರಕ್ಕೇ ಬಿಗಿದುಕೊಂಡು ಅಚ್ಚು ಬೀಳುತ್ತದೆ. ಕಪ್ಪು ಬಣ್ಣ ಬೇಗ ಕಾಯುವುದರಿಂದ ಅಚ್ಚು ಬೇಗ ಬೀಳುತ್ತದೆ. ಕಪ್ಪು ಎಷ್ಟು ಕಾಯುತ್ತದೆ ಎಂಬುದನ್ನು ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಎರಡು ಹೋಂಡಾ ಸಿವಿಕ್ ಕಾರುಗಳನ್ನು, ಒಂದು ಕಪ್ಪು ಒಂದು ಬೆಳ್ಳಿ ಬಣ್ಣದ್ದು, ಬಿಸಿಲಿನಲ್ಲಿ ನಿಲ್ಲಿಸಿ ಅಳೆದಿದ್ದಾರೆ. 2011ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಪ್ಪು ಕಾರಿನ ಟಾಪು ಬೆಳ್ಳಿ ಬಣ್ಣದ್ದಕ್ಕಿಂತ 25 ಡಿಗ್ರಿ ಸೆಲ್ಸಿಯಸ್‌ವರೆಗೂ ಹೆಚ್ಚು ಕಾದಿತ್ತು.

ವ್ಯಾಕ್ಸ್ ಆರಿಸುವಾಗ ನೆನಪಿಡಬೇಕಾದ ಅಂಕಿ ಇದು. ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಜಾತಿಯ ತಾಳೆಯ ಎಲೆಯಿಂದ ಕೆರೆದು ತೆಗೆಯುವ ಕಾರ್ನೌಬಾ ಮೇಣಕ್ಕೆ ಕಪ್ಪು ಕಾರಿನ ಮೇಲೆ ಹಳೆಯ ಕೀರ್ತಿ ಇದೆ. ಅದು ಕೊಡುವ ಆಳದ, ಒದ್ದೆ ಕಲ್ಲಿನಂಥ ಹೊಳಪಿಗೆ ಸಾಟಿ ಕಡಿಮೆ. ಹೊಯ್ಸಳರ ಹೊಸಹೊಳಲು ದೇಗುಲದೊಳಗಿನ ಕಡೆದ ಕಂಬಗಳ ನುಣುಪು ಕಂಡವರಿಗೆ ಆ ಹೊಳಪಿನ ಆಸೆ ಅರ್ಥವಾಗುತ್ತದೆ. ಶುದ್ಧ ಕಾರ್ನೌಬಾ ಕರಗಲು 82ರಿಂದ 86 ಡಿಗ್ರಿ ಬೇಕು. ಡಬ್ಬಿಯಲ್ಲಿ ಬರುವುದು ಶುದ್ಧ ಮೇಣವಲ್ಲ. ಎಣ್ಣೆ, ದ್ರಾವಕ ಬೆರೆಸಿ ಮೆದುಗೊಳಿಸಿದ ಮಿಶ್ರಣ. ಏಪ್ರಿಲ್ ಮಧ್ಯಾಹ್ನ ಕೈ ಇಡಲಾಗದಷ್ಟು ಸುಡುವ ಕಪ್ಪು ಬಾನೆಟ್ಟಿನ ಮೇಲೆ ಅದು ಒಂದೂವರೆ, ಹೆಚ್ಚೆಂದರೆ ಎರಡು ತಿಂಗಳು ನಿಂತೀತು. ಮನೆ ಮುಂದೆ ಶೆಡ್ಡಿದ್ದು, ತಿಂಗಳಿಗೊಮ್ಮೆ ಮಧ್ಯಾಹ್ನ ಕಾರಿನ ಜೊತೆ ಕಳೆಯುವ ಪ್ರೀತಿ ಇದ್ದವರು ಧಾರಾಳವಾಗಿ ಹಚ್ಚಲಿ. ಉಳಿದವರಿಗೆ ಅದು ಬಾಳಿಕೆಯ ಆಯ್ಕೆಯಲ್ಲ.

ಇದಕ್ಕೆ ಪೂರ್ತಿ ವಿರುದ್ಧ ತುದಿಯಲ್ಲಿ ಸೆರಾಮಿಕ್ ಕೋಟಿಂಗ್ ಇದೆ. ಮೈಸೂರಿನ ಅಂಗಡಿಗಳಲ್ಲಿ ಹದಿನೈದು-ಇಪ್ಪತ್ತು ಸಾವಿರದಿಂದ ಮೇಲೇರುವ ಇದಕ್ಕೆ ಹಳ್ಳಿಯ ಯುವಕರೂ ಸಾಲ ಮಾಡುತ್ತಿದ್ದಾರೆ. ಮಾರುವವರು ತೋರಿಸುವ ವಿಡಿಯೋ ಮೋಹಕ: ತಾವರೆ ಎಲೆಯ ಮೇಲಿನಂತೆ ನೀರು ಮುತ್ತುಮುತ್ತಾಗಿ ಉರುಳುತ್ತದೆ. ಬಾನ್ ವಿಶ್ವವಿದ್ಯಾಲಯದ ವಿಲ್ಹೆಲ್ಮ್ ಬಾರ್ತ್‌ಲಾಟ್ 1997ರಲ್ಲಿ ಸಹೋದ್ಯೋಗಿಯೊಂದಿಗೆ ಬರೆದ ಪ್ರಬಂಧದಿಂದ ತಾವರೆ ಎಲೆಯ ಈ ಗುಣ ಜಗತ್ತಿನ ವಿಜ್ಞಾನಿಗಳ ಗಮನ ಸೆಳೆಯಿತು. ಆದರೆ ತಾವರೆ ಎಲೆಯ ಮೇಲೆ ಬೀಳುವುದು ಮಳೆಹನಿ. ನಾಗಮಂಗಲದ ಕಾರಿನ ಮೇಲೆ ಬೀಳುವುದು ಬೋರ್‌ವೆಲ್ ನೀರು.

ಈ ವ್ಯತ್ಯಾಸದ ಮೇಲೆಯೇ ಎಲ್ಲವೂ ನಿಂತಿದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ. ಬೇರೆ ಮೂಲ ಇಲ್ಲದಿದ್ದರೆ 600 ಮಿಲಿಗ್ರಾಂವರೆಗೆ ಅವಕಾಶವಿದೆ. ಅಂದರೆ ಮಾನಕದೊಳಗಿನ ನೀರೇ ಒಂದು ಲೀಟರ್ ಆರಿದರೂ ಅರ್ಧ ಗ್ರಾಂಗಿಂತ ಹೆಚ್ಚು ಸುಣ್ಣದಂಶ ಉಳಿಯಬಹುದು. ಸೋಲಾರ್ ಹೀಟರಿನ ಪೈಪು, ಬಚ್ಚಲಿನ ನಲ್ಲಿ, ಕಾಫಿ ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪಾಚಿಯಂತೆ ಕಟ್ಟುವುದು ಅದೇ. ಮುತ್ತಿನಂತೆ ನಿಂತ ಪ್ರತಿ ಹನಿಯೂ ಕಾದ ಕಪ್ಪು ತಗಡಿನ ಮೇಲೆ ಅಲ್ಲೇ ಆರಿ, ತನ್ನ ಅಂಚಿಗೆ ಒಂದು ಬಿಳಿ ಬಳೆ ಬಿಟ್ಟುಹೋಗುತ್ತದೆ. ಸೆರಾಮಿಕ್ ಕೋಟಿಂಗ್ ಹನಿಯನ್ನು ಹೆಚ್ಚು ಎತ್ತರಕ್ಕೆ ನಿಲ್ಲಿಸುವುದರಿಂದ ಕಲೆ ಇನ್ನಷ್ಟು ಎದ್ದು ಕಾಣುತ್ತದೆ. ದಿನಗಟ್ಟಲೆ ಬಿಟ್ಟರೆ ಕೋಟಿಂಗಿಗೇ ಕಚ್ಚಿಕೊಳ್ಳುತ್ತದೆ. ಆರ್‌ಒ ಯಂತ್ರ ಹೊರಬಿಡುವ ನೀರನ್ನು ಪೋಲು ಮಾಡಬಾರದೆಂದು ಕಾರು ತೊಳೆಯಲು ಹಿಡಿದಿಡುವ ಮನೆಗಳಿವೆ. ಉದ್ದೇಶ ಒಳ್ಳೆಯದೇ. ಆದರೆ ಆ ನೀರಿನಲ್ಲಿ ಲವಣ ಇನ್ನೂ ಗಟ್ಟಿಯಾಗಿರುತ್ತದೆ. ಕಪ್ಪು ಕಾರಿಗೆ ಅದಕ್ಕಿಂತ ಕೆಟ್ಟ ನೀರು ಇನ್ನೊಂದಿಲ್ಲ.

‘9ಎಚ್ ಗಡಸುತನ, ಗೀರೇ ಬೀಳಲ್ಲ’ ಎಂಬ ಮಾತನ್ನೂ ನಂಬಬಾರದು. 9ಎಚ್ ಎಂಬುದು ಪೆನ್ಸಿಲ್ ಸೀಸದ ಗಡಸುತನದ ಅಳತೆ. ಅದಕ್ಕೂ ಮೋಸ್ ಮಾಪಕದ 9ಕ್ಕೂ ಸಂಬಂಧವಿಲ್ಲ. 9ಎಚ್ ಪೆನ್ಸಿಲ್ ಗೀಚಲಾಗದ ಪದರವನ್ನು ಜಲ್ಲಿಯ ಪುಡಿ ಸಲೀಸಾಗಿ ಗೀಚುತ್ತದೆ. ಶೋರೂಮಿನಲ್ಲಿ ಹೊಸ ಕಾರಿನ ಬಿಲ್ಲಿಗೆ ಸೇರಿಸಿಬಿಡುವ ಟೆಫ್ಲಾನ್ ಕೋಟಿಂಗ್ ಕಥೆ ಇನ್ನೂ ಸರಳ. ದೋಸೆ ಹೆಂಚಿಗೆ ಅಂಟುವ ಆ ವಸ್ತು ಕರಗಲು ಸುಮಾರು 327 ಡಿಗ್ರಿ ಬೇಕು. ಹೆಂಚಿನ ಮೇಲೆ ಅದನ್ನು ಅಷ್ಟು ಬಿಸಿಯಲ್ಲಿ ಬೇಯಿಸಿ ಕೂರಿಸುತ್ತಾರೆ, ಕಾರನ್ನು ಹಾಗೆ ಬೇಯಿಸಲಾಗದು. ಆ ಹೆಸರಿಗೆ ಹೆಚ್ಚಿನ ಹಣ ಕೊಡಬೇಕಿಲ್ಲ. ಬಣ್ಣಕ್ಕೆ ನಿಜವಾದ ಕವಚ ಬೇಕೆಂದರೆ 150-200 ಮೈಕ್ರಾನ್ ದಪ್ಪದ ಪಾಲಿಯುರೆಥೇನ್ ಫಿಲ್ಮ್ ಇದೆ, ಪಿಪಿಎಫ್ ಎನ್ನುತ್ತಾರೆ. ಹೆದ್ದಾರಿಯಲ್ಲಿ ಸಿಡಿಯುವ ಕಲ್ಲನ್ನು ತಡೆಯುವುದು ಅದೊಂದೇ. ಇಡೀ ಕಾರಿಗೆ ಹಾಕಿಸಲು ಲಕ್ಷದ ಆಸುಪಾಸು ಬೀಳುತ್ತದೆ. ದಿನವೂ ಬೆಂಗಳೂರು-ಮೈಸೂರು ದಶಪಥದಲ್ಲಿ ಓಡಾಡುವವರು ಮುಂಭಾಗಕ್ಕಷ್ಟೇ ಹಾಕಿಸಿದರೂ ಸಾಕು.

ಹಾಗಾದರೆ ಈ ಸೀಮೆಯ ಕಪ್ಪು ಕಾರಿಗೆ ತಕ್ಕದ್ದು ಯಾವುದು? ಸಿಂಥೆಟಿಕ್ ಪಾಲಿಮರ್ ಸೀಲೆಂಟ್. ಕಾರ್ನೌಬಾದಷ್ಟು ಆಳದ ಹೊಳಪಿಲ್ಲ, ಸೆರಾಮಿಕ್‌ನಷ್ಟು ವರ್ಷ ಬಾಳುವುದಿಲ್ಲ. ಆದರೆ ಬಿಸಿಲಿಗೆ ಬೇಗ ಕರಗದು, ನಾಲ್ಕರಿಂದ ಆರು ತಿಂಗಳು ತಡೆಯುತ್ತದೆ, ಮಾಲೀಕರೇ ಮನೆಯಲ್ಲಿ ಹಚ್ಚಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ನೀರಿನ ಕಲೆಯೋ ಹಿಕ್ಕೆಯೋ ಅದನ್ನು ಕೆಡಿಸಿದರೆ ಕೆಲವು ನೂರು ರೂಪಾಯಿಯಲ್ಲಿ ಮತ್ತೆ ಹಚ್ಚಿಕೊಳ್ಳಬಹುದು. ಕೆಡುವುದು ಖಚಿತವಾಗಿರುವ ಕಡೆ ಸುಲಭವಾಗಿ ಸರಿಪಡಿಸಬಹುದಾದದ್ದೇ ಒಳ್ಳೆಯ ರಕ್ಷಣೆ. ಕೊಳ್ಳುವಾಗ ಡಬ್ಬಿಯ ಮೇಲೆ ‘ಕ್ಲೀನರ್ ವ್ಯಾಕ್ಸ್’ ಎಂದಿದ್ದರೆ ಬಿಡಬೇಕು, ಅದರಲ್ಲಿ ಸಾಮಾನ್ಯವಾಗಿ ಉಜ್ಜುವ ಪುಡಿ ಇರುತ್ತದೆ. ಕಪ್ಪು ಬಣ್ಣ ಬೆರೆಸಿದ ವ್ಯಾಕ್ಸ್ ಗೀರುಗಳನ್ನು ಕೆಲವು ತೊಳೆತಗಳವರೆಗೆ ತುಂಬಿ ಮರೆಮಾಚುತ್ತದೆ, ಅಷ್ಟೇ.

ಹಚ್ಚುವುದಕ್ಕೆ ವರ್ಷದಲ್ಲಿ ಎರಡು ಕಾಲ ಸಾಕು: ಬಿಸಿಲು ಏರುವ ಮುನ್ನ ಯುಗಾದಿ ಹೊತ್ತಿಗೊಮ್ಮೆ, ಆಯುಧಪೂಜೆಗೆ ವಾರ ಮುಂಚೆ ಇನ್ನೊಮ್ಮೆ. ತೊಳೆದು ಒಣಗಿಸಿದ ಬಾನೆಟ್ಟಿನ ಮೇಲೆ, ಅಂಗೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಮೆಲ್ಲಗೆ ಸವರಿ ನೋಡಬೇಕು. ಬರಿಗೈಗೆ ತಿಳಿಯದ ತರಿ ಕವರಿನ ಮೂಲಕ ರವೆ ಮುಟ್ಟಿದಂತೆ ತಿಳಿಯುತ್ತದೆ. ತರಿ ಇದ್ದರೆ ಕ್ಲೇ ಬಾರ್ ಎಂಬ ಮೆತ್ತನೆಯ ಮುದ್ದೆಯಿಂದ ಅದನ್ನು ಎತ್ತಿ, ಆಮೇಲೆ ನೆರಳಿನಲ್ಲಿ, ತಣ್ಣಗಿರುವ ತಗಡಿಗೆ ತೆಳುವಾಗಿ ಸೀಲೆಂಟ್ ಹಚ್ಚಬೇಕು. ದಪ್ಪ ಬಳಿದರೆ ಹೆಚ್ಚು ದಿನ ಬರುವುದಿಲ್ಲ. ಕಪ್ಪು ಕಾರಿನ ಸಂದುಗಳಲ್ಲಿ ಬಿಳಿ ಪುಡಿಯಾಗಿ ಕೂರುತ್ತದೆ. ಟಿಂಕರಿಂಗ್ ಆಗಿ ಹೊಸ ಬಣ್ಣ ಹೊಡೆಸಿದ ಭಾಗವಿದ್ದರೆ ಒಂದೆರಡು ತಿಂಗಳು ಅದನ್ನು ಬಿಟ್ಟುಬಿಡಬೇಕು, ಬಣ್ಣ ಒಳಗಿಂದ ಆರಲು ಅಷ್ಟು ಕಾಲ ಬೇಕು.

ಬಾಳಿಕೆಯ ಗುಟ್ಟು ಹಚ್ಚುವುದರಲ್ಲಿ ಅರ್ಧ ಇದ್ದರೆ ಉಳಿದರ್ಧ ತೊಳೆಯುವುದರಲ್ಲಿದೆ. ಬಟ್ಟೆ ಸೋಪಿನ ಪುಡಿ ಕ್ಷಾರ, ವ್ಯಾಕ್ಸನ್ನು ಕಿತ್ತುಹಾಕುತ್ತದೆ. ಡೀಸೆಲ್, ಸೀಮೆಎಣ್ಣೆ ಸವರಿದರೆ ಒಂದು ದಿನ ಫಳಫಳ ಎಂದು, ಮರುದಿನದಿಂದ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊದಲು ಬರೀ ನೀರು ಹಾಯಿಸಿ ಧೂಳು ಇಳಿಸಬೇಕು. ಆಮೇಲೆ ಎರಡು ಬಕೆಟ್, ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ಬೆಳಿಗ್ಗೆ ಬಿಸಿಲೇರುವ ಮುನ್ನ ಮುಗಿಸಿ, ಮೈಕ್ರೋಫೈಬರ್ ಟವಲಿನಿಂದ ಹನಿ ಆರುವ ಮೊದಲೇ ಒತ್ತಿ ತೆಗೆಯಬೇಕು. ತಾರಸಿಯ ಮಳೆನೀರು ಹಿಡಿದಿಟ್ಟವರಿಗೆ ಕೊನೆಯ ಬಕೆಟ್ಟಿಗೆ ಅದಕ್ಕಿಂತ ಒಳ್ಳೆಯ ನೀರಿಲ್ಲ. ಬಳೆಯಂಥ ಕಲೆ ಆಗಲೇ ಬಿದ್ದಿದ್ದರೆ ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ ತೊಳೆದರೆ ಹೊಸ ಕಲೆ ಬಿಡುತ್ತದೆ. ಆ ಜಾಗಕ್ಕೆ ಮತ್ತೆ ಸೀಲೆಂಟ್ ಬೇಕಾಗುತ್ತದೆ.

ಅಷ್ಟಾದರೂ ದುಬಾರಿ ಕೋಟಿಂಗೇ ಬೇಕೆನ್ನುವವರು ಹಚ್ಚಿದ ವಸ್ತುವಿನ ಹೆಸರು, ಎಷ್ಟು ತಿಂಗಳ ಭರವಸೆ, ನೀರಿನ ಕಲೆ ಅದರಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಬಿಲ್ಲಿಲ್ಲದೆ ದೂರು ನಿಲ್ಲುವುದು ಕಷ್ಟ.

ಕೊನೆಗೊಂದು ಮನವಿ. ಹಬ್ಬದ ಹಿಂದಿನ ದಿನ ಶ್ರೀರಂಗಪಟ್ಟಣದ ಹೊಳೆದಂಡೆಗೂ ನಾಲೆಗಳ ಸೋಪಾನಕ್ಕೂ ಕಾರು ಇಳಿಸಿ, ಸೋಪಿನ ಪುಡಿ ಸುರಿದು, ತೆಂಗಿನ ನಾರಿನಲ್ಲಿ ತಿಕ್ಕುವುದು ನಿಲ್ಲಲಿ. ಆ ನಾರಿಗೆ ಹೊಳೆಯ ಮರಳು ಅಂಟಿರುತ್ತದೆ, ಕಪ್ಪು ಬಣ್ಣದ ಮೇಲಿನ ಜೇಡರ ಬಲೆಯ ಬಹುಪಾಲು ನೇಯ್ಗೆ ನಡೆಯುವುದು ಅಲ್ಲಿಯೇ. ಆ ನೊರೆ ಸೇರುವ ಕಾವೇರಿಯೇ ಮುಂದೆ ಹರಿದು ತೊರೆಕಾಡನಹಳ್ಳಿಯ ಪಂಪ್‌ಹೌಸಿನಿಂದ ಬೆಂಗಳೂರಿನ ನಲ್ಲಿಗಳಿಗೆ ಏರುತ್ತದೆ. ಈ ಸಲ ಆಯುಧಪೂಜೆಗೆ ಕಾರು ಮನೆ ಮುಂದಿನ ನೆರಳಿನಲ್ಲೇ ನಿಲ್ಲಲಿ, ಕೆಲವು ಬಕೆಟ್ ನೀರು ಸಾಕು; ಕುಂಕುಮ, ವಿಭೂತಿಯನ್ನು ಬಾನೆಟ್ಟಿಗೆ ಬಳಿಯುವ ಬದಲು ಗಾಜಿಗೋ ಸ್ಟೀರಿಂಗಿಗೋ ಇಡಿ.