"ಏನೂ ಆಗೂದಿಲ್ಲ ಬಿಡ್ರಿ" ಅನ್ನುವವರಿಗೆ

ಮೊನ್ನೆ ಬ್ಯಾಡಗಿಗೆ ಹೋದಾಗ ಪರಿಚಯದವರೊಬ್ಬರ ಮೆಣಸಿನಕಾಯಿ ಗೋದಾಮಿನ ಮೂಲೆಯಲ್ಲಿ ಒಂದು ಹಳೇ ವಿಡಿಯೋ ಗೇಮ್ ಪೆಟ್ಟಿಗೆ ಕಂಡಿತು. ಅದೇ, ತೊಂಬತ್ತರ ದಶಕದಲ್ಲಿ ನಮ್ಮ ಹಾವೇರಿಯಂಥ ಊರುಗಳಲ್ಲಿ ಕಾಯಿನ್ ಹಾಕಿ ನಿಂತುಕೊಂಡು ಆಡುತ್ತಿದ್ದೆವಲ್ಲ, ಆ ಮರದ ಪೆಟ್ಟಿಗೆ. ಕ್ಯಾಪ್ಕಾಮ್ ಕಂಪನಿಯ 1993ರ 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್' ಅಂದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ, 'ಮುಸ್ತಫಾ' ಅಂದರೆ ಸಾಕು. ಎಷ್ಟು ಹುಡುಗರ ಟ್ಯೂಷನ್ ಫೀ ನುಂಗಿತ್ತೋ ಆ ಆಟ!

ಖುಷಿಯಿಂದ ಹಿಂದಿನ ಹಲಗೆ ತೆಗೆದು ಟಾರ್ಚ್ ಬಿಟ್ಟೆ. ಒಳಗೆ ಮಾನಿಟರಿನ ಬೋರ್ಡೇ ಕಾಣಲಿಲ್ಲ. ಬೆರಳು ದಪ್ಪ ಕೆಂಪು ಧೂಳು. ಮೆಣಸಿನಕಾಯಿ ಊರಲ್ಲಿ ಇನ್ನೇನಿರುತ್ತೆ ಹೇಳಿ?

ಮಾಲೀಕರು ರಾಣೆಬೆನ್ನೂರಿನ ಒಬ್ಬ ಮೆಕ್ಯಾನಿಕ್ಕಿಗೆ ಫೋನ್ ಹಚ್ಚಿದರು. ಆ ಕಡೆಯಿಂದ ಉತ್ತರ ರೆಡಿ ಇತ್ತು.

"ದೊಡ್ಡ ಕೆಲಸ ಅಲ್ರಿ ಸಾವ್ಕಾರ್ರ. ಹುಡುಗನ್ನ ಕಳಸ್ತೀನಿ. ಪೆಟ್ರೋಲ್ ಹಾಕಿ ಬ್ರಷ್‌ಲೆ ತಿಕ್ಕಿ, ಪಂಕ್ಚರ್ ಅಂಗಡಿ ಗಾಳಿ ಹೊಡದ್ರ ಹೊಸಾದ್ರಂಗ ಆಕ್ಕೈತಿ."

"ಶಾಕ್ ಗೀಕ್ ಹೊಡದೀತೋ ಮಾರಾಯ?"

"ಏನೂ ಆಗೂದಿಲ್ಲ ಬಿಡ್ರಿ. ಒಮ್ಮೆ ಹೊಡದ್ರ ಹುಡುಗಗೂ ಬುದ್ಧಿ ಬರ್ತೈತಿ."

ಗೆಳೆಯರೇ, ಈ ಬರಹ ಆ ಕೊನೆಯ ಎರಡು ಮಾತಿನ ವಿರುದ್ಧ. ಆ ಮೆಕ್ಯಾನಿಕ್ಕಿನ ವಿರುದ್ಧ ಅಲ್ಲ. ಅವರೊಬ್ಬರೇ ಹೀಗೆ ಮಾತಾಡುವುದಾಗಿದ್ದರೆ ನಾನು ಇಷ್ಟು ಬರೆಯುತ್ತಲೇ ಇರಲಿಲ್ಲ. ರಿಪೇರಿ ಅಂಗಡಿಗಳಲ್ಲಿ ಇದೊಂದು ಶಾಸ್ತ್ರದ ಹಾಗೆ ನಡೆದುಬಂದಿದೆ. ಹೊಡೆತ ತಿಂದರೇನೇ ವಿದ್ಯೆ ಅಂತೆ! ಈಜು ಕಲಿಸೋಕೆ ಮಗುವನ್ನ ತುಂಗಭದ್ರೆಗೆ ಎಸೆದು ಬರುತ್ತೇವೆಯೇ?

ಮೊದಲು "ಏನೂ ಆಗೂದಿಲ್ಲ" ಅನ್ನೋದನ್ನ ನೋಡೋಣ. ಕಲರ್ ಪಿಕ್ಚರ್ ಟ್ಯೂಬಿನ ಆನೋಡ್, ಅಂದರೆ ಆ ದಪ್ಪ ಕೆಂಪು ವೈರು ರಬ್ಬರ್ ಟೋಪಿಯ ಕೆಳಗೆ ಹೋಗಿ ಸೇರುವ ಜಾಗ, ಅಲ್ಲಿ ಸೆಟ್ಟು ನಡೆಯುವಾಗ 20 ಸಾವಿರ ವೋಲ್ಟಿಗೂ ಹೆಚ್ಚು ಇರುತ್ತದೆ. ಟ್ಯೂಬಿನ ಗಾಜಿಗೆ ಒಳಗೂ ಹೊರಗೂ ಕರೆಂಟ್ ಹರಿಯುವ ಲೇಪನ ಇರುವುದರಿಂದ ಇಡೀ ಟ್ಯೂಬೇ ಒಂದು ಕೆಪ್ಯಾಸಿಟರ್. ಪ್ಲಗ್ ಕಿತ್ತರೂ ಚಾರ್ಜ್ ಉಳಿದಿರುತ್ತದೆ. ಆ ಹೊಡೆತ ತಿಂದು ಬದುಕಿದವರು ಬಹಳ ಜನ, ಒಪ್ಪಿಕೊಳ್ಳುತ್ತೇನೆ. ಆದರೆ ಹೊಡೆದಾಗ ಕೈ ಸಿಡಿದು ಎಲ್ಲಿ ಬಡಿಯುತ್ತೆ? ಟ್ಯೂಬಿನ ತೆಳ್ಳನೆಯ ಕುತ್ತಿಗೆಗೆ, ಇಲ್ಲವೇ ತಗಡಿನ ಚೂಪು ಅಂಚಿಗೆ.

ಅದಕ್ಕಿಂತ ಕೆಟ್ಟದ್ದು ಬೋರ್ಡಿನ ಮೇಲಿರುವ ದೊಡ್ಡ ಫಿಲ್ಟರ್ ಕೆಪ್ಯಾಸಿಟರ್. ನಮ್ಮ 230 ವೋಲ್ಟ್ ಎಸಿ ಡಿಸಿಯಾಗಿ ಅಲ್ಲಿ 300 ವೋಲ್ಟ್ ದಾಟಿ ಕೂತಿರುತ್ತದೆ. ಇದರಲ್ಲಿ ತಮಾಷೆ ಏನು ಗೊತ್ತೇ? ಚೆನ್ನಾಗಿ ನಡೆಯುವ ಸೆಟ್ಟಿನಲ್ಲಿ ಆಫ್ ಮಾಡಿದ ಕೂಡಲೇ ಬೋರ್ಡೇ ಆ ಚಾರ್ಜನ್ನು ಬಹುಪಾಲು ಕುಡಿದುಬಿಡುತ್ತದೆ. ಸತ್ತ ಸೆಟ್ಟಿನಲ್ಲಿ ಕುಡಿಯುವವರು ಯಾರೂ ಇಲ್ಲ, ಹಾಗೇ ಕೂತಿರುತ್ತದೆ. ಅಂದರೆ "ಇದು ಸತ್ತೈತಿ, ಮುಟ್ಟೋ" ಅಂತ ಹುಡುಗನಿಗೆ ಹೇಳುವ ಸೆಟ್ಟೇ ಹೆಚ್ಚು ಅಪಾಯದ್ದು.

ಇನ್ನು ಪೆಟ್ರೋಲ್. ಆವಿ ಗಾಳಿಗಿಂತ ಭಾರ, ಪೆಟ್ಟಿಗೆಯ ತಳದಲ್ಲೇ ನಿಲ್ಲುತ್ತದೆ. ಪಕ್ಕದಲ್ಲಿ ಒಣ ಮೆಣಸಿನಕಾಯಿ ಚೀಲಗಳ ರಾಶಿ. ಕೆಪ್ಯಾಸಿಟರಿನಿಂದ ಒಂದು ಕಿಡಿ ಹಾರಿದರೆ ಸಾಕು. ಥಿನ್ನರ್ ಆದರೆ ಪ್ಲಾಸ್ಟಿಕ್ಕನ್ನೂ ಬೋರ್ಡಿನ ಮೇಲಿನ ಅಕ್ಷರಗಳನ್ನೂ ತಿಂದುಹಾಕುತ್ತದೆ. ಪಂಕ್ಚರ್ ಅಂಗಡಿಯ ಗಾಳಿಯಲ್ಲಿ ನೀರೂ ಎಣ್ಣೆಯೂ ಇರುತ್ತವೆ, ಧೂಳನ್ನು ಟ್ರಾನ್ಸ್‌ಫಾರ್ಮರಿನ ಸಂದಿಗೆ ಇನ್ನಷ್ಟು ತುರುಕುತ್ತದೆ. 2020ರಲ್ಲಿ ತಂದು ಉಳಿದ ಸ್ಯಾನಿಟೈಸರ್ ಹಾಕುವವರನ್ನೂ ಕಂಡಿದ್ದೇನೆ. ಅದರಲ್ಲಿ ನೀರು ಇದೆ, ಎಷ್ಟೋ ಬಾಟಲಿಗಳಲ್ಲಿ ಗ್ಲಿಸರಿನ್ ಕೂಡ ಇದೆ. ಒಣಗಿದ ಮೇಲೂ ಅಂಟು ಉಳಿದು ಮತ್ತೆ ಧೂಳು ಹಿಡಿಯುತ್ತದೆ.

ಹಾಗಾದರೆ ಸ್ವಚ್ಛ ಮಾಡಲೇಬಾರದೇ? ಮಾಡಲೇಬೇಕು. ಮಳೆಗಾಲದಲ್ಲಿ ಧೂಳು ತೇವ ಹೀರಿದರೆ ಆನೋಡಿನ ಸುತ್ತ 'ಸೊಯ್' ಅಂತ ಸದ್ದು, ನೀಲಿ ಕಿಡಿ ಶುರುವಾಗುತ್ತದೆ. ನಾನು ಹೇಳುವುದಿಷ್ಟೇ, ಈ ಕೆಲಸಕ್ಕೆ ಧೈರ್ಯ ಬೇಡ, ತಾಳ್ಮೆ ಬೇಕು.

ಪ್ಲಗ್ ಕಿತ್ತು ನಿಮ್ಮ ಕಣ್ಣೆದುರಿಗೇ ಇಟ್ಟುಕೊಳ್ಳಿ. ಸ್ವಿಚ್ ಆಫ್ ಮಾಡಿದ್ದೇನೆ ಅನ್ನೋದು ಸಾಲದು. ಚಹಾ ಕುಡಿದು ಬನ್ನಿ. ಹಿಡಿಕೆ ಗಟ್ಟಿ ಇರುವ ಉದ್ದ ಸ್ಕ್ರೂಡ್ರೈವರಿಗೆ ಒಂದು ವೈರು ಕಟ್ಟಿ. ಅದರ ಇನ್ನೊಂದು ತುದಿಯನ್ನು ಟ್ಯೂಬಿನ ಬೆನ್ನ ಮೇಲೆ ಹಾದುಹೋಗುವ ಹೆಣೆದ ಬರಿ ತಂತಿಗೆ ಕ್ಲಿಪ್ ಹಾಕಿ. ಬೋರ್ಡಿನ ಅರ್ತಿಗೆ ಅಲ್ಲ, ಎಷ್ಟೋ ಬೋರ್ಡುಗಳಲ್ಲಿ ಒಂದು ಅರ್ತ್ ಮೇನ್ಸಿಗೇ ಸೇರಿರುತ್ತದೆ. ಒಂದು ಕೈ ಜೇಬಿನಲ್ಲಿಟ್ಟು, ಸ್ಕ್ರೂಡ್ರೈವರನ್ನು ರಬ್ಬರ್ ಟೋಪಿಯ ಕೆಳಗೆ ಸರಿಸಿ ಲೋಹಕ್ಕೆ ತಾಗಿಸಿ. ಐದು ನಿಮಿಷ ಬಿಟ್ಟು ಮತ್ತೊಮ್ಮೆ, ಯಾಕೆಂದರೆ ಟ್ಯೂಬು ಸ್ವಲ್ಪ ಚಾರ್ಜನ್ನು ತಾನೇ ಮರಳಿ ತುಂಬಿಕೊಳ್ಳುತ್ತದೆ. ಆಮೇಲೆ ಫಿಲ್ಟರ್ ಕೆಪ್ಯಾಸಿಟರಿನ ಎರಡು ಕಾಲಿಗೆ ಹೋಲ್ಡರಿನಲ್ಲಿರುವ 60 ವ್ಯಾಟಿನ ಹಳೇ ತಂತಿ ಬಲ್ಬಿನ ಎರಡು ವೈರು ಹಿಡಿಯಿರಿ, ಎಲ್‌ಇಡಿ ಬೇಡ. ಮಲ್ಟಿಮೀಟರಿನಲ್ಲಿ ಸೊನ್ನೆ ಕಂಡ ಮೇಲಷ್ಟೇ ಕೈ ಹಾಕಿ. ಮಲ್ಟಿಮೀಟರನ್ನು ಆನೋಡಿಗೆ ಮಾತ್ರ ಹಚ್ಚಬೇಡಿ.

ಮೂಗಿಗೆ ಮಾಸ್ಕ್ ಕಟ್ಟಿ. ಬ್ಯಾಡಗಿಯಲ್ಲಿ ಇದು ಶೋಕಿ ಅಲ್ಲ ಸ್ವಾಮಿ. ಕೈ ಟ್ಯೂಬಿನ ಕುತ್ತಿಗೆ ಹತ್ತಿರ ಇದ್ದಾಗ ಘಾಟಿಗೆ ಒಂದು ಸೀನು ಬಂದರೆ ಮಾನಿಟರಿನ ಕಥೆ ಮುಗೀತು. ಮೆತ್ತನೆ ಬ್ರಷ್ಷಿನಿಂದ ಒಣ ಧೂಳು ತೆಗೆಯಿರಿ. ಮೆಣಸಿನಪುಡಿಯಲ್ಲಿ ಎಣ್ಣೆ ಅಂಶ ಇರುವುದರಿಂದ ಅಂಟಿದ್ದು ಉಳಿಯುತ್ತದೆ. ಅದಕ್ಕೆ ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೇ ಹಲ್ಲುಜ್ಜುವ ಬ್ರಷ್ಷು. ಅದೂ ಹೊತ್ತಿಕೊಳ್ಳುವಂಥದ್ದೇ, ಹಾಗಾಗಿ ಬೋರ್ಡು ಬಿಚ್ಚಿ ಬಯಲಿಗೆ ತಂದು ತಿಕ್ಕಿ, ಹತ್ತಿರ ಬೀಡಿ ಬೇಡ. ಬೋರ್‌ವೆಲ್ ನೀರಂತೂ ಬೇಡವೇ ಬೇಡ, ಒಣಗಿದ ಮೇಲೆ ಬಿಳಿ ಉಪ್ಪು ಉಳಿಯುತ್ತೆ. ಪೂರ್ತಿ ಒಣಗುವ ತನಕ ಕರೆಂಟ್ ಕೊಡಬೇಡಿ.

"ನಾವು ಮೂವತ್ತು ವರ್ಷದಿಂದ ಮಾಡಾಕತ್ತೀವಿ, ನಮಗೇನಾಗೇತಿ?" ಅನ್ನುವವರಿದ್ದಾರೆ. ಅವರ ಅನುಭವಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಏನಾದರೂ ಆದವರು ಬಂದು ನಮ್ಮ ಮುಂದೆ ವಾದ ಮಾಡುವುದಿಲ್ಲ, ಅಲ್ಲವೇ? ಇನ್ನೊಂದು ವಿಷಯ, ಆ ಮೇಸ್ತ್ರಿಗಳು ಕೆಲಸ ಮಾಡುವಾಗ ಒಮ್ಮೆ ಗಮನಿಸಿ. ಎಡಗೈ ತಾನೇ ಬೆನ್ನ ಹಿಂದೆ ಹೋಗಿರುತ್ತದೆ. ಅವರಿಗೆ ಎಲ್ಲ ಗೊತ್ತು! ಗೊತ್ತಿದ್ದೂ ಹುಡುಗನಿಗೆ ಹೇಳುವುದಿಲ್ಲ. ನನ್ನ ಸಿಟ್ಟು ಇದರ ಮೇಲೆ.

ಆ ಹುಡುಗ ಮಾರನೇ ದಿನ ಬಂದ. ಕೈಯಲ್ಲಿ ಒಂದು ಬ್ರಷ್ಷು, ಬಾಟಲಿಯಲ್ಲಿ ಪೆಟ್ರೋಲು. ಬಾಟಲಿ ಹೊರಗಿಡಿಸಿ, ಸ್ಕ್ರೂಡ್ರೈವರಿಗೆ ವೈರು ಕಟ್ಟಿ ಟೋಪಿಯ ಕೆಳಗೆ ಸರಿಸಿದೆ. 'ಚಟ್' ಅಂತ ಸದ್ದಾಯಿತು. ಅವನು ಎರಡು ಹೆಜ್ಜೆ ಹಿಂದೆ ಸರಿದು ತನ್ನ ಕೈ ನೋಡಿಕೊಂಡ.

"ಪ್ಲಗ್ ಕಿತ್ತೇವಿ ಅಲ್ರಿ ಅಣ್ಣಾ?" ಅಂದ.

ಹುಡುಗನಿಗೆ ಬುದ್ಧಿ ಬರೋಕೆ ಅಷ್ಟೇ ಸಾಕಾಯಿತು. ಹೊಡೆತ ಬೇಕಾಗಲಿಲ್ಲ. ಏನಂತೀರಿ?