ಮಗಳ ಬರಹವನ್ನು ಯಾರು ಓದಬೇಕು?

ಮಕ್ಕಳ ಪ್ರಬಂಧಗಳಿಗೆ ಟೀಚರೊಬ್ಬರೇ ಓದುಗರು. ಅಂಕ ಬಿದ್ದ ಮೇಲೆ ಪುಸ್ತಕ ರದ್ದಿಗೆ!

2009ರ ಜನವರಿಯಲ್ಲಿ ಪಾಕಿಸ್ತಾನದ ಸ್ವಾತ್ ಕಣಿವೆಯ 11 ವರ್ಷದ ಹುಡುಗಿಯ ದಿನಚರಿ ಬಿಬಿಸಿ ಉರ್ದು ವೆಬ್‌ಸೈಟಿನಲ್ಲಿ ಬರತೊಡಗಿತು. ತಾಲಿಬಾನ್ ಹೆಣ್ಮಕ್ಕಳ ಶಾಲೆಗಳನ್ನು ಮುಚ್ಚಿಸುತ್ತಿದ್ದ ದಿನಗಳವು. 27 ಮಂದಿಯ ತರಗತಿಗೆ 11 ಮಂದಿಯಷ್ಟೇ ಬಂದದ್ದು, ಸಮವಸ್ತ್ರ ಬಿಟ್ಟು ಮನೆಯ ಬಟ್ಟೆಯಲ್ಲಿ ಹೋದದ್ದು ಅದರಲ್ಲಿತ್ತು. ಯಾವ ಅಲಂಕಾರವೂ ಇಲ್ಲದ ಮಾತನ್ನು ಲೋಕವೇ ಓದಿತು. ಆದರೆ ಮಲಾಲಾ ಎಂಬ ಹೆಸರು ಅಲ್ಲಿರಲಿಲ್ಲ, 'ಗುಲ್ ಮಕಾಯ್' ಎಂದಿತ್ತು. ಹೆಸರು ಬಯಲಾದ ಬಳಿಕ, 2012ರಲ್ಲಿ, ಆಕೆಗೆ ಗುಂಡೇಟು ಬಿತ್ತು.

ಸಹೋದರಿಯರೇ, ನಮ್ಮಲ್ಲಿ ಅಂತಹ ಭಯವಿಲ್ಲದಿರಬಹುದು. ಆದರೂ ಮಗಳ ಬರಹವನ್ನು ಇಂಟರ್ನೆಟ್ಟಿಗೆ ಹಾಕುವಾಗ ಫೋಟೋ, ಶಾಲೆಯ ಹೆಸರು, ಫೋನ್ ನಂಬರು ಬೇಡ. ಬಂದ ಪ್ರತಿಕ್ರಿಯೆಗಳನ್ನು ಮೊದಲು ನೀವು ಓದಿ. ಕಾಗುಣಿತವನ್ನು ಮಾತ್ರ ಅವಳೇ ತಿದ್ದಿಕೊಳ್ಳಲಿ.