ಸಹಾಯದ್ರವ್ಯವೂ ರೈತರ ಸಂಘಗಳೂ

(ಕೃಷಿ ಇನ್ಸ್‌ಪೆಕ್ಟರೊಬ್ಬರು, ಎಲ್. ಎಜಿ.)

ರೈತರ ಸಂಘಗಳಿಗೂ, ಸ್ತ್ರೀಯರ ಸ್ವಸಹಾಯ ಗುಂಪುಗಳಿಗೂ, ಗ್ರಾಮಗಳಲ್ಲಿ ಪರೋಪಕಾರಾರ್ಥವಾಗಿ ನಡೆಯುವ ಸಂಸ್ಥೆಗಳಿಗೂ ಸಹಾಯದ್ರವ್ಯವು ದೊರೆಯುವ ಮಾರ್ಗಗಳು ಈಗ ಅನೇಕವಾಗಿವೆ. ಇದು ಸಂತೋಷಕರವಾದ ವಿಷಯವೇ ಸರಿ. ಆದರೆ ಹೋಬಳಿಗಳಲ್ಲಿ ಸಂಚರಿಸುವ ನಮ್ಮಂಥವರನ್ನು ರೈತರು ಮೊದಲು ಕೇಳುವುದು, “ಸ್ವಾಮಿ, ಯಾವ ಸಂಘ ಮಾಡಿದರೆ ಎಷ್ಟು ಹಣ ಬರುತ್ತದೆ?” ಎಂದು. ಸಂಘವು ಏತಕ್ಕೆ ಎಂಬ ಪ್ರಶ್ನೆಯು ಅದರ ಹಿಂದೆ ಬರುವುದು ಅಪರೂಪ. ಈ ಕ್ರಮವು ತಲೆಕೆಳಗಾದುದೆಂದು ನನ್ನ ಅಭಿಪ್ರಾಯ.

ಸಂಘ ಕಟ್ಟುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. 1904ರಲ್ಲಿ ಸಹಕಾರ ಸಂಘಗಳ ಕಾನೂನು ಬಂದ ಮರುವರ್ಷವೇ ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಸಹಕಾರ ಸಂಘವು ಸ್ಥಾಪಿತವಾಯಿತು. ಮುಂದೆ 1980ರ ದಶಕದಲ್ಲಿ ಮೈರಾಡ ಸಂಸ್ಥೆಯವರು ಹಳ್ಳಿಗಳಲ್ಲಿ ಸಣ್ಣ ಸಣ್ಣ ಉಳಿತಾಯದ ಗುಂಪುಗಳನ್ನು ಬೆಳೆಸಿದರು. 1987ರಲ್ಲಿ ನಬಾರ್ಡ್ ಬ್ಯಾಂಕು ಈ ಕೆಲಸಕ್ಕಾಗಿ ಅವರಿಗೆ 10 ಲಕ್ಷ ರೂಪಾಯಿ ಸಹಾಯದ್ರವ್ಯವನ್ನು ಕೊಟ್ಟಿತು. ಆ ಹಣವನ್ನು ಗುಂಪು ಹುಟ್ಟಿದ ದಿನವೇ ಹಂಚಲಿಲ್ಲವೆಂಬುದನ್ನು ಗಮನಿಸಬೇಕು. ಸದಸ್ಯರು ಮೂರರಿಂದ ಆರು ತಿಂಗಳು ತಾವೇ ಉಳಿತಾಯ ಮಾಡಿದ ಮೇಲೆ, ಆ ಉಳಿತಾಯಕ್ಕೆ ಸರಿಹೊಂದುವಂತೆ ಸೇರಿಸಿ ಕೊಡುವುದು ಅಲ್ಲಿನ ಏರ್ಪಾಡು. 1992ರಲ್ಲಿ ದೇಶದಲ್ಲೆಲ್ಲ ಆರಂಭವಾದ ಸ್ವಸಹಾಯ ಗುಂಪು ಮತ್ತು ಬ್ಯಾಂಕು ಜೋಡಣೆಯ ಕಾರ್ಯಕ್ರಮಕ್ಕೆ ಈ ಅನುಭವವು ಒಂದು ತಳಹದಿಯಾಯಿತು.

ಈಗ ಎಲ್ಲರ ಬಾಯಲ್ಲಿರುವ ರೈತ ಉತ್ಪಾದಕ ಸಂಸ್ಥೆಗಳ ವಿಷಯಕ್ಕೆ ಬರೋಣ. 10,000 ಹೊಸ ಸಂಸ್ಥೆಗಳನ್ನು ಸ್ಥಾಪಿಸಬೇಕೆಂಬ ಕೇಂದ್ರ ಸರ್ಕಾರದ ಯೋಜನೆಯು 2020ರ ಫೆಬ್ರವರಿಯಲ್ಲಿ ಆರಂಭವಾಗಿ, 2025ರ ಫೆಬ್ರವರಿಯಲ್ಲಿ ಆ ಸಂಖ್ಯೆಯನ್ನು ಮುಟ್ಟಿತು. ಬಯಲು ಸೀಮೆಯಲ್ಲಿ ಕನಿಷ್ಠ 300 ಮಂದಿ ಸದಸ್ಯರಿರಬೇಕು. ಸದಸ್ಯನು ಹಾಕಿದ ಷೇರು ಹಣಕ್ಕೆ ಸರಿಸಮಾನವಾಗಿ, ತಲೆಗೆ 2,000 ರೂಪಾಯಿಗೆ ಮೀರದಂತೆ, ಸಂಸ್ಥೆಗೆ ಒಟ್ಟು 15 ಲಕ್ಷಕ್ಕೆ ಮೀರದಂತೆ ಸಹಾಯಧನ ಸಿಕ್ಕುವುದು. ಹದಿನೈದು ಲಕ್ಷವೆಂಬ ಅಂಕಿಯನ್ನು ಕೇಳಿದವರು ಲೆಕ್ಕವನ್ನು ಮಾತ್ರ ಮಾಡಿ ನೋಡುವುದಿಲ್ಲ. 300 ಮಂದಿ ತಲೆಗೆ 1,000 ರೂಪಾಯಿ ಹಾಕಿದರೆ ಬರತಕ್ಕದ್ದು ಮೂರೇ ಲಕ್ಷ. ಪೂರ್ತಿ ಹಣ ಬೇಕಾದರೆ 750 ಮಂದಿ ತಲಾ ಎರಡು ಸಾವಿರ ಹಾಕಬೇಕು.

ಇದಲ್ಲದೆ ಆಡಳಿತದ ವೆಚ್ಚಕ್ಕೆಂದು ಮೂರು ವರ್ಷಗಳಲ್ಲಿ 18 ಲಕ್ಷದವರೆಗೆ ಸಹಾಯವುಂಟು. ನಾಲ್ಕನೆಯ ವರ್ಷ ಸಂಬಳ ಕೊಡುವವರು ಯಾರು? ಕಾರ್ಯನಿರ್ವಾಹಕನಿಗೂ ಲೆಕ್ಕಿಗನಿಗೂ ಸೇರಿ ತಿಂಗಳಿಗೆ 35,000 ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ 4,20,000 ಆಯಿತು. ರಾಗಿಯ ವ್ಯಾಪಾರದಲ್ಲಿ ಕ್ವಿಂಟಲಿಗೆ 50 ರೂಪಾಯಿ ಮಿಕ್ಕುವುದಾದರೆ ಇದಕ್ಕಾಗಿಯೇ 8,400 ಕ್ವಿಂಟಲ್ ಮಾರಬೇಕು. 300 ಮಂದಿಯಲ್ಲಿ ತಲೆಗೆ 28 ಕ್ವಿಂಟಲ್. ಮಳೆಯನ್ನು ನಂಬಿ ಎರಡೆಕರೆ ಬಿತ್ತುವವನ ಮನೆಯಲ್ಲಿ ಊಟಕ್ಕಿಟ್ಟು ಇಷ್ಟು ಮಿಗುವುದೆಲ್ಲಿ? ಗೊಬ್ಬರ, ಬಿತ್ತನೆ ಬೀಜ ಮಾರಿ ಸರಿದೂಗಿಸಬಹುದು. ದೂಗಿಸುತ್ತಿರುವ ಸಂಸ್ಥೆಗಳೂ ಇವೆ. ಆದರೆ ಆ ಲೆಕ್ಕವನ್ನು ಮೊದಲ ವರ್ಷವೇ ಸದಸ್ಯರ ಮುಂದಿಟ್ಟು ಚರ್ಚಿಸಿದ ಸಭೆಗಳನ್ನು ನಾನು ಕಂಡಿರುವುದು ಬಹಳ ಕಡಿಮೆ.

ಕಾಗದಪತ್ರಗಳ ಭಾರವನ್ನೂ ಹೇಳಬೇಕು. ಕಂಪನಿಯಾಗಿ ನೋಂದಾಯಿತವಾದ ಸಂಸ್ಥೆಯು ಪ್ರತಿ ವರ್ಷವೂ ಜಮಾಖರ್ಚಿನ ತಃಖ್ತೆಯನ್ನೂ ವಾರ್ಷಿಕ ವಿವರವನ್ನೂ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ತಡವಾದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿಯಂತೆ ಹೆಚ್ಚುವರಿ ಶುಲ್ಕ ಏರುತ್ತ ಹೋಗುವುದು. ಮೂರು ವರ್ಷ ಒಂದೇ ಸಮನೆ ಸಲ್ಲಿಸದಿದ್ದರೆ ನಿರ್ದೇಶಕರು ಅನರ್ಹರಾಗುವರು. ನಿರ್ದೇಶಕನೆಂದರೆ ಇಲ್ಲಿ ಪಟ್ಟಣದ ಸಾಹುಕಾರನಲ್ಲ. ಹೆಸರು ಬೇಕೆಂದು ಕೇಳಿದಾಗ ಆಧಾರ್ ಚೀಟಿಯ ನಕಲು ಕೊಟ್ಟು ಹೊಲಕ್ಕೆ ಹೋದ ನಮ್ಮ ರೈತನೇ.

ಯಂತ್ರಗಳ ವಿಷಯದಲ್ಲಿಯೂ ಇದೇ ಅವಸರ. ಒಂದು ಗ್ರಾಮದಲ್ಲಿ ಸಿರಿಧಾನ್ಯ ಶುದ್ಧಿಮಾಡುವ ಯಂತ್ರವು ಎರಡು ವರ್ಷದಿಂದ ಗೋಣಿ ಹೊದ್ದು ನಿಂತಿದೆ. ಅದಕ್ಕೆ ಮೂರು ಫೇಸಿನ ವಿದ್ಯುತ್ತು ಬೇಕು. ಕಟ್ಟಡಕ್ಕೆ ಬಂದಿರುವುದು ಒಂದೇ ಫೇಸು. 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣೆಯ ಯೋಜನೆಯಲ್ಲಿ ನೂರಕ್ಕೆ 35ರ ಸಹಾಯಧನವೆಂದು ಕೇಳಿದವರು ಅದು ಕೈಗೆ ಬರುವ ರೊಕ್ಕವೆಂದೇ ತಿಳಿದರು. ನಿಜವಾಗಿ ಅದು ಬ್ಯಾಂಕಿನ ಸಾಲದ ಜೊತೆಗೂಡಿದ್ದು. ನೂರಕ್ಕೆ ಹತ್ತಾದರೂ ತಮ್ಮ ಕೈಯಿಂದ ಹಾಕಬೇಕು. ಸಹಾಯಧನವು ಬ್ಯಾಂಕಿನಲ್ಲಿಯೇ ಇದ್ದು, ಸಾಲದ ಕಂತು ಸರಿಯಾಗಿ ನಡೆದು ಉದ್ಯಮವೂ ನಡೆಯುತ್ತಿದ್ದರೆ ಮಾತ್ರ ಮೂರು ವರ್ಷಗಳ ಮೇಲೆ ಸಾಲಕ್ಕೆ ಜಮೆಯಾಗುವುದು.

ಕಂಪನಿಗಳ ಲಾಭದಿಂದ ಬರುವ ಹಣವನ್ನು ಅಪೇಕ್ಷಿಸುವ ಪರೋಪಕಾರಿ ಸಂಸ್ಥೆಗಳಿಗೂ ಒಂದು ಮಾತು. 2013ರ ಕಂಪನಿ ಕಾನೂನಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕು. ಆದರೆ ನಿನ್ನೆ ಹುಟ್ಟಿದ ಖಾಸಗಿ ಸಂಸ್ಥೆಗೆ ಅದು ಸಿಕ್ಕದು. ಆದಾಯ ತೆರಿಗೆಯ ನೋಂದಣಿಯೂ ಮೂರು ವರ್ಷದ ಕೆಲಸದ ದಾಖಲೆಯೂ ಬೇಕು.

ಈ ತೊಡಕುಗಳ ನಡುವೆ ದಲ್ಲಾಳಿಗಳು ಬೆಳೆದಿದ್ದಾರೆ. ಅರ್ಜಿ ಬರೆದು ಕೊಡುತ್ತೇವೆ, ಮಂಜೂರಾದರೆ ನೂರಕ್ಕೆ ಇಷ್ಟು ಎಂದು ಮುಂಗಡ ಕೇಳುವರು. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸುವುದಕ್ಕೆ ಕಾಸು ಕೊಡಬೇಕಾದುದಿಲ್ಲ. ಹಾಗಿದ್ದೂ ಜನರು ದಲ್ಲಾಳಿಯ ಬಳಿಗೆ ಹೋಗುವುದಕ್ಕೆ ನಮ್ಮವರೂ ಸ್ವಲ್ಪಮಟ್ಟಿಗೆ ಕಾರಣರೆಂದು ಹೇಳದೆ ವಿಧಿಯಿಲ್ಲ. ಮಾರ್ಚಿ ತಿಂಗಳು ಸಮೀಪಿಸಿದಾಗ ಗುರಿ ಮುಟ್ಟಿಸಬೇಕೆಂಬ ಒತ್ತಡದಲ್ಲಿ, ಇಲ್ಲದ ಸಂಘಗಳನ್ನು ಹದಿನೈದು ದಿನಗಳಲ್ಲಿ ಎಬ್ಬಿಸಿ ನಿಲ್ಲಿಸುವುದುಂಟು. ಅಂಥ ಸಂಘವು ಮಳೆಗಾಲದವರೆಗೆ ನಿಂತರೆ ಹೆಚ್ಚು. ಕೊಟ್ಟ ಹಣಕ್ಕೆ ಬಳಕೆಯ ಪ್ರಮಾಣಪತ್ರವನ್ನು ಆರ್ಥಿಕ ವರ್ಷ ಮುಗಿದ ಹನ್ನೆರಡು ತಿಂಗಳೊಳಗೆ ಒಪ್ಪಿಸಬೇಕೆಂದು ನಿಯಮವಿದೆ. ಒಪ್ಪಿಸುವವರೇ ಊರಲ್ಲಿ ಸಿಕ್ಕದಾಗುವರು.

ಆದುದರಿಂದ ಇಲಾಖೆಯವರಿಗೆ ನನ್ನ ವಿನಂತಿಯೇನೆಂದರೆ, ಒಂದು ವರ್ಷದ ನಡವಳಿಯ ಪುಸ್ತಕವನ್ನೂ ಉಳಿತಾಯದ ಲೆಕ್ಕವನ್ನೂ ಗ್ರಾಮದಲ್ಲಿಯೇ ಕುಳಿತು ನೋಡದೆ ಯಾವ ಸಂಘಕ್ಕೂ ಶಿಫಾರಸು ಮಾಡಬಾರದು. ಮಂಜೂರಾದ ಮೊಬಲಗನ್ನೂ ಉದ್ದೇಶವನ್ನೂ ಪಂಚಾಯತಿ ಕಚೇರಿಯ ಹಲಗೆಯ ಮೇಲೆ ಬರೆಸಬೇಕು. ಇದರಿಂದ ಈ ವರ್ಷದ ಅಂಕಿಗಳು ಕುಗ್ಗುವುದು ಖಂಡಿತ, ಕುಗ್ಗಲಿ. ರೈತ ಮಹಾಶಯರು ಬರುವ ಯುಗಾದಿಗೆ ಹತ್ತಿಪ್ಪತ್ತು ಮಂದಿ ಕೂಡಿ, ತಿಂಗಳಿಗೆ ನೂರು ರೂಪಾಯಿಯಂತೆ ಹಾಕುತ್ತ, ಗೊಬ್ಬರವನ್ನು ಒಟ್ಟಾಗಿ ತರಿಸುವುದರಿಂದ ಆರಂಭಿಸಬಹುದು. ಇದಕ್ಕೆ ಯಾರ ಮಂಜೂರಾತಿಯೂ ಬೇಕಿಲ್ಲ. ಒಂದು ಗೆರೆಹಾಕಿದ ಪುಸ್ತಕವೂ, ಅದರಲ್ಲಿ ತಪ್ಪದೆ ಬರೆಯುವವರೊಬ್ಬರೂ ಇದ್ದರೆ ಸಾಕು.